‘ಮನೆಯಲ್ಲೇ ಇರಿ’ ಎಂಬ ಆದೇಶ ಬಂದಾಗ: ತಲಪಾಡಿಯ ತೆಂಕಿನಲ್ಲಿರುವ ಕನ್ನಡಿಗರಿಗೆ

2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಹರಡುತ್ತಿದ್ದಾಗ, ನಮ್ಮ ಪಕ್ಕದ ಮನೆಯ ಗೋಡೆಗೆ ಒಂದು ಚೀಟಿ ಅಂಟಿತು. ಆ ಮನೆಯ ಹುಡುಗ ಗಲ್ಫಿನಿಂದ ಬಂದು ವಾರವಾಗಿತ್ತಷ್ಟೆ. ಚೀಟಿ ಮಲಯಾಳದಲ್ಲಿತ್ತು. ನಮ್ಮ ಮಾವನಿಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು: ‘ಈ ವೀಡ್ ನಿರೀಕ್ಷಣತ್ತಿಲಾಣ್.’ ಮಾವ ತಲೆಯಾಡಿಸಿ, ‘ಯಾರನ್ನು ನಿರೀಕ್ಷೆ ಮಾಡುತ್ತಿದ್ದಾರಂತೆ?’ ಎಂದು ಕೇಳಿದರು. ನೆಂಟರು ಬರುವವರಿದ್ದಾರೆ ಎಂದುಕೊಂಡು ಮರುದಿನ ಒಂದು ಎಳೆಯ ಹಲಸಿನಕಾಯಿ ಹಿಡಿದು ಆ ಮನೆಯ ಜಗಲಿ ಹತ್ತಿದರು, ಕುಳಿತು ಮಾತಾಡಿ ಬಂದರು. ಆಗ ಕೇಂದ್ರ ಸರ್ಕಾರ ಹೇಳುತ್ತಿದ್ದ ಕ್ವಾರಂಟೈನ್ 14 ದಿನ, ಕೇರಳದ್ದು 28. ಆ ಹಲಸಿನಕಾಯಿಯಿಂದಾಗಿ ಮಾವ 28 ದಿನ ಒಳಗಿನ ಕೋಣೆಯಲ್ಲಿ ಕಳೆದರು.

ಆ ವರ್ಷ ಮತ್ತು ಮರುವರ್ಷ ವಾರ್ಡಿನ ಜಾಗ್ರತಾ ಸಮಿತಿಯ ಜತೆ ಓಡಾಡಿ ಕಲಿತದ್ದನ್ನು ತಲಪಾಡಿ ಗಡಿಯ ಈಚೆ, ಕೇರಳದ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಬಲ್ಲ ಮನೆಗಳಿಗಾಗಿ ಇಲ್ಲಿ ಬರೆದಿದ್ದೇನೆ. ಮುಂದಿನ ಸಲ ರೋಗದ ಹೆಸರು ಬೇರೆ ಇರಬಹುದು. ಕೋಝಿಕ್ಕೋಡಿನಲ್ಲಿ 2018, 2021, 2023ರಲ್ಲಿ ನಿಪಾ ಬಂದಾಗ ಏನಾಯಿತೆಂದು ನೆನಪಿಸಿಕೊಳ್ಳಿ. 2023ರಲ್ಲಂತೂ ವಾರ್ಡು ವಾರ್ಡುಗಳನ್ನೇ ಬೇಲಿ ಹಾಕಿದಂತೆ ಮುಚ್ಚಿದ್ದರು. ರೋಗ ಯಾವುದಾದರೂ ನಮ್ಮ ಕಷ್ಟ ಎರಡೇ: ಆದೇಶ ಬರುವುದು ಮಲಯಾಳದಲ್ಲಿ, ಆಸ್ಪತ್ರೆ ಇರುವುದು ಮಂಗಳೂರಿನಲ್ಲಿ.

ಆದೇಶವನ್ನು ಕೈಯಲ್ಲಿ ಹಿಡಿದು ಓದಿ

ವಾಟ್ಸಾಪಿನಲ್ಲಿ ಬಂದ ಧ್ವನಿ ಸಂದೇಶ ಆದೇಶವಲ್ಲ. ಆದೇಶಕ್ಕೆ ಒಂದು ಸಂಖ್ಯೆ, ಒಂದು ತಾರೀಕು, ಒಬ್ಬ ಅಧಿಕಾರಿಯ ಸಹಿ ಇರುತ್ತದೆ. ಜಿಲ್ಲೆಯ ಮಟ್ಟದಲ್ಲಿ ಅದು ಬರುವುದು ಸಾಮಾನ್ಯವಾಗಿ ವಿಪತ್ತು ನಿರ್ವಹಣಾ ಪ್ರಾಧಿಕಾರದಿಂದ. 2005ರ ಕಾಯ್ದೆಯಂತೆ ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು, ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹ ಅಧ್ಯಕ್ಷರು. ಗುಂಪು ಸೇರಬಾರದೆಂಬ ಆಜ್ಞೆ ಬೇರೆ. ಅದನ್ನು ನಾವೆಲ್ಲ ‘144’ ಎಂದೇ ಕರೆಯುತ್ತ ಬಂದಿದ್ದೇವೆ; 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದರ ಸಂಖ್ಯೆ 163. ಕಾಗದದಲ್ಲಿ 163 ಎಂದು ಕಂಡರೆ ಬೇರೇನೋ ಹೊಸ ಕಾನೂನು ಬಂದಿತೆಂದು ಗಾಬರಿಯಾಗಬೇಡಿ.

ಓದುವಾಗ ಹುಡುಕಬೇಕಾದದ್ದು ನಾಲ್ಕೇ ವಿಷಯ. ಯಾವ ಪ್ರದೇಶಕ್ಕೆ, ಎಂದಿನಿಂದ ಎಂದಿನವರೆಗೆ, ಅಂಗಡಿ ತೆರೆಯುವ ಹೊತ್ತು ಯಾವುದು, ಯಾರಿಗೆ ವಿನಾಯಿತಿ. ಉಳಿದ ಪುಟಗಳನ್ನು ಆಮೇಲೆ ಓದಬಹುದು. ಪ್ರದೇಶವನ್ನು ಮೊದಲು ನೋಡಿ ಎನ್ನಲು ಕಾರಣವಿದೆ. 2020ರ ಮಾರ್ಚಿನಲ್ಲಿ ಕೇರಳದ ಬೇರೆ ಜಿಲ್ಲೆಗಳಲ್ಲಿ ಅಂಗಡಿಗಳು ಬೆಳಗ್ಗೆ 7ಕ್ಕೇ ತೆರೆಯುತ್ತಿದ್ದರೆ ಕಾಸರಗೋಡಿನಲ್ಲಿ 11ರಿಂದ ಸಂಜೆ 5ರವರೆಗೆ ಮಾತ್ರ. ಟಿವಿಯಲ್ಲಿ ತಿರುವನಂತಪುರದ ಸುದ್ದಿ ನೋಡಿ ಚೀಲ ಹಿಡಿದು ಹೊರಟವರು ದಾರಿಯಲ್ಲೇ ಪೊಲೀಸರಿಂದ ಬೈಸಿಕೊಂಡು ಬಂದರು. 2021ರ ಜೂನ್‌ನಲ್ಲಿ ಇನ್ನೂ ಸೂಕ್ಷ್ಮವಾಯಿತು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರ ಪ್ರಮಾಣ ನೋಡಿ ಒಂದೊಂದು ಪಂಚಾಯತಿಗೂ ಎ, ಬಿ, ಸಿ, ಡಿ ಎಂದು ದರ್ಜೆ ಕೊಟ್ಟರು. ಪಕ್ಕದ ಪಂಚಾಯತಿನಲ್ಲಿ ಬಟ್ಟೆ ಅಂಗಡಿ ತೆರೆದಿರುತ್ತಿತ್ತು, ತೋಡು ದಾಟಿ ಈಚೆ ಬಂದರೆ ಹಾಲಿನ ಅಂಗಡಿ ಬಿಟ್ಟು ಎಲ್ಲವೂ ಬಂದ್. ತೋಡಿನ ಯಾವ ದಡದಲ್ಲಿ ನಿಮ್ಮ ಮನೆಯಿದೆ ಎಂಬುದು ಅಂಥ ಕಾಲದಲ್ಲಿ ದೊಡ್ಡ ವಿಷಯ.

ಇದರ ಜತೆಗೆ ಸೇರಿದ ಇನ್ನೊಂದು ಮಾತು. 2025ರ ಡಿಸೆಂಬರಿನ ಚುನಾವಣೆಗೆ ಮುಂಚೆ ಕೇರಳದ ವಾರ್ಡುಗಳನ್ನು ಮರುವಿಂಗಡಣೆ ಮಾಡಿದ್ದಾರೆ. ನೀವು ಹತ್ತು ವರ್ಷದಿಂದ ಹೇಳಿಕೊಂಡು ಬಂದ ವಾರ್ಡ್ ಸಂಖ್ಯೆ ಈಗ ನಿಮ್ಮದಲ್ಲದೇ ಇರಬಹುದು. ಮುಂದಿನ ಸಲ ಪಂಚಾಯತ್ ಕಚೇರಿಗೆ ಕಂದಾಯ ಕಟ್ಟಲು ಹೋದಾಗ ಕೇಳಿ ಬರೆದುಕೊಳ್ಳಿ.

ಕನ್ನಡದಂತೆ ಕೇಳುವ ಮಲಯಾಳ

ಮಲಯಾಳ ಬಾರದವನಿಗಿಂತ ಅರ್ಧ ಬರುವವನೇ ಹೆಚ್ಚು ಮೋಸಹೋಗುತ್ತಾನೆ. ಬಾರದವನು ಇನ್ನೊಬ್ಬರನ್ನು ಕೇಳುತ್ತಾನೆ. ಅರ್ಧ ಬರುವವನು ನಮ್ಮ ಮಾವನ ಹಾಗೆ ಹಲಸಿನಕಾಯಿ ಹಿಡಿದುಕೊಂಡು ಹೋಗುತ್ತಾನೆ. ಎರಡೂ ಭಾಷೆಗೆ ಸಂಸ್ಕೃತದಿಂದ ಬಂದ ಪದಗಳು ಒಂದೇ, ಅರ್ಥ ಮಾತ್ರ ತಲಪಾಡಿ ದಾಟುವಾಗ ಬದಲಾಗುತ್ತದೆ. ಆದೇಶದಲ್ಲಿ ಸಾಮಾನ್ಯವಾಗಿ ಬರುವ ಕೆಲವನ್ನು ಇಲ್ಲಿ ಕೊಡುತ್ತೇನೆ, ಬೇಕಿದ್ದರೆ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

‘ಉತ್ತರವ್’ ಎಂದರೆ ಆದೇಶ. ಜವಾಬು ಅಲ್ಲ, ದಿಕ್ಕೂ ಅಲ್ಲ. ‘ನಿರೀಕ್ಷಣಂ’ ಎಂದರೆ ನಿಗಾ. ‘ವೀಟ್ಟು ನಿರೀಕ್ಷಣಂ’ ಎಂದರೆ ಮನೆಯಲ್ಲೇ ಕ್ವಾರಂಟೈನ್. ‘ಅನುವಾದಂ’ ಎಂದರೆ ಅನುಮತಿ. ‘ಅನುವಾದಂ ಇಲ್ಲ’ ಎಂದು ಬೋರ್ಡು ಹಾಕಿದ್ದರೆ ಇದನ್ನು ಕನ್ನಡಕ್ಕೆ ಭಾಷಾಂತರಿಸಿಲ್ಲ ಎಂದು ಅರ್ಥವಲ್ಲ (ಭಾಷಾಂತರಿಸಿಲ್ಲ ಎನ್ನುವುದೂ ನಿಜವೇ, ಆದರೆ ಬೋರ್ಡು ಅದನ್ನು ಹೇಳುತ್ತಿಲ್ಲ), ಒಳಗೆ ಹೋಗಲು ಬಿಡುವುದಿಲ್ಲ ಎಂದು ಅರ್ಥ. ‘ಅವಧಿ’ ಎಂದರೆ ರಜೆ. ‘ಅಪೇಕ್ಷ’ ಎಂದರೆ ಅರ್ಜಿ. ‘ಅಪೇಕ್ಷ ಕೊಡಿ’ ಎಂದು ಕಚೇರಿಯಲ್ಲಿ ಹೇಳಿದರೆ ನಿಮ್ಮ ಮನಸ್ಸಿನ ಆಸೆ ಕೇಳುತ್ತಿಲ್ಲ. ‘ಅವಶ್ಯ ಸಾಧನಙ್ಙಳ್’ ಎಂದರೆ ಅಕ್ಕಿ, ಬೇಳೆ, ಎಣ್ಣೆಯಂಥ ದಿನಬಳಕೆಯ ಸಾಮಾನು. ‘ನಿರೋಧನಾಜ್ಞ’ ಎಂದರೆ ನಿಷೇಧಾಜ್ಞೆ. ‘ಸತ್ಯವಾಙ್ಮೂಲಂ’ ಎಂದರೆ ನೀವೇ ಸಹಿ ಹಾಕಿ ಕೊಡುವ ಹೇಳಿಕೆ. ಹೊರಗೆ ಹೋಗುವಾಗ ಜೇಬಿನಲ್ಲಿರಬೇಕಾದ ಕಾಗದ ಇದು, ಅದರ ಮಾತು ಮುಂದೆ ಬರುತ್ತದೆ. ‘ಸಂಪರ್ಕ ಪಟ್ಟಿಗ’ಯಲ್ಲಿ ನಿಮ್ಮ ಹೆಸರಿದೆ ಎಂದು ಫೋನ್ ಬಂದರೆ ರೋಗಿಯ ಹತ್ತಿರ ಇದ್ದವರ ಪಟ್ಟಿಯಲ್ಲಿ ನೀವಿದ್ದೀರಿ ಎಂದು ತಿಳಿಯಿರಿ; ಅಂದಿನಿಂದ ಹೊರಗೆ ಹೆಜ್ಜೆ ಇಡಬಾರದು.

ವಾರ್ಡ್ ಸದಸ್ಯರಿಗೂ ಒಂದು ಮಾತು ಹೇಳಬೇಕು. ಆದೇಶ ಬಂದ ಸಂಜೆಯೇ ಮೇಲಿನ ನಾಲ್ಕು ವಿಷಯಗಳನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ವಾರ್ಡಿನ ಗುಂಪಿಗೆ ಹಾಕಿ. ಅಧಿಕೃತ ಭಾಷಾಂತರ ಬರುವವರೆಗೆ ಕಾದರೆ ಆದೇಶದ ಅವಧಿಯೇ ಮುಗಿದಿರುತ್ತದೆ. ಇಲ್ಲಿ ‘ಅವಧಿ’ಯನ್ನು ಕನ್ನಡದ ಅರ್ಥದಲ್ಲೇ ಬಳಸಿದ್ದೇನೆ. ಮೊಬೈಲ್ ಇಲ್ಲದ ಮನೆಗಳಿಗೆ ಹಾಲು ಡೇರಿಯ ಗೋಡೆ, ರೇಷನ್ ಅಂಗಡಿಯ ಬಾಗಿಲು, ಬಸ್ ತಂಗುದಾಣ ಇವೆ. ಮಸೀದಿ ಮತ್ತು ದೇವಸ್ಥಾನದ ಧ್ವನಿವರ್ಧಕಗಳೂ ಇವೆ.

ಔಷಧಿ: ಬಡಗು ಮುಚ್ಚಿದರೆ ತೆಂಕು

ಇದನ್ನು ಆದೇಶ ಬರುವ ಮೊದಲೇ ಮಾಡಿ ಮುಗಿಸಬೇಕು. ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮಂಜೇಶ್ವರದಿಂದ ಮಂಗಳೂರಿಗೆ ಇಪ್ಪತ್ತು ಕಿಲೋಮೀಟರಿನ ಆಚೀಚೆ. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ನೂರರ ಹತ್ತಿರ. ಹೀಗಿರುವಾಗ ಹೆರಿಗೆ, ಹೃದಯ, ಮೂತ್ರಪಿಂಡ ಎಲ್ಲದಕ್ಕೂ ನಾವು ಬಡಗಿಗೇ ಮುಖ ಮಾಡಿದ್ದು ಸಹಜ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆಂಬುಲೆನ್ಸ್‌ಗಳು ತಲಪಾಡಿಯಿಂದ ಹಿಂದೆ ಬಂದವು. ಮಂಗಳೂರಿನ ಚಿಕಿತ್ಸೆ ಸಿಗದೆ ಜಿಲ್ಲೆಯಲ್ಲಿ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಿಸಬೇಕೆಂದು ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕೊನೆಗೆ ತುರ್ತು ರೋಗಿಗಳಿಗೆ ಮಾತ್ರ ಷರತ್ತಿನ ಮೇಲೆ ತಲಪಾಡಿಯಲ್ಲಿ ದಾರಿ ಸಿಕ್ಕಿತು. 2021ರಲ್ಲಿ ಮಣ್ಣಿನ ಬದಲು ಕಾಗದ: 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಇಲ್ಲದೆ ಆಚೆ ಬಿಡುತ್ತಿರಲಿಲ್ಲ. ಯಾವ ಸರ್ಕಾರದ್ದು ಸರಿ, ಯಾವುದರದ್ದು ತಪ್ಪು ಎಂದು ಚರ್ಚೆ ಮಾಡಲು ಜಗಲಿ ಇದೆ. ಮಾತ್ರೆ ಮುಗಿದ ದಿನ ಆ ಚರ್ಚೆಯಿಂದ ಏನೂ ಸಿಗುವುದಿಲ್ಲ.

ಆದ್ದರಿಂದ ಮೊದಲ ಕೆಲಸವಾಗಿ, ಮಂಗಳೂರಿನ ವೈದ್ಯರು ಬರೆದುಕೊಟ್ಟ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಕೊನೆಯ ರಕ್ತಪರೀಕ್ಷೆ ಇವುಗಳ ಫೋಟೋ ತೆಗೆದು ಮನೆಯ ಎರಡು ಮೊಬೈಲುಗಳಲ್ಲಿ ಇಟ್ಟುಕೊಳ್ಳಿ, ಒಂದು ಜೆರಾಕ್ಸ್ ಪ್ರತಿಯನ್ನು ರೇಷನ್ ಕಾರ್ಡಿನ ಜತೆ ಇಡಿ. ಮಾತ್ರೆಯ ಕಂಪನಿ ಹೆಸರಿನ ಪಕ್ಕದಲ್ಲಿ ಅದರೊಳಗಿನ ಮದ್ದಿನ ಹೆಸರನ್ನೂ ಪ್ರಮಾಣವನ್ನೂ ಬರೆದಿಡಿ. ಮಂಗಳೂರಿನಲ್ಲಿ ಸಿಗುವ ಕಂಪನಿಯ ಮಾತ್ರೆ ಕಾಞಂಗಾಡಿನಲ್ಲಿ ಸಿಗದಿರಬಹುದು, ಒಳಗಿನ ಮದ್ದು ಒಂದೇ ಇರುವ ಇನ್ನೊಂದು ಸಿಗುತ್ತದೆ. ನಮ್ಮ ವಾರ್ಡಿನ ಒಬ್ಬ ಅಜ್ಜಿ ‘ಆ ಹಳದಿ ಪೆಟ್ಟಿಗೆಯ ಅರ್ಧ ಮಾತ್ರೆ’ ಎಂದು ಮಾತ್ರ ಹೇಳುತ್ತಿದ್ದರು. ಪೆಟ್ಟಿಗೆಯನ್ನು ಒಲೆಗೆ ಹಾಕಿ ಆಗಿತ್ತು. ಹಳದಿ ಪೆಟ್ಟಿಗೆ ಹುಡುಕಲು ಮೂರು ಔಷಧಿ ಅಂಗಡಿ, ಒಂದು ಇಡೀ ದಿನ ಬೇಕಾಯಿತು.

ಬಿಪಿ, ಸಕ್ಕರೆ, ಥೈರಾಯ್ಡ್, ಅಪಸ್ಮಾರ, ಮಾನಸಿಕ ಕಾಯಿಲೆ, ಇವುಗಳ ಮದ್ದು ಒಂದು ತಿಂಗಳಿಗಾಗುವಷ್ಟು ಯಾವಾಗಲೂ ಮುಂಗಡ ಇರಲಿ. ಅಪಸ್ಮಾರದ ಮತ್ತು ಮಾನಸಿಕ ಕಾಯಿಲೆಯ ಮದ್ದನ್ನು ‘ನಾಲ್ಕು ದಿನ ಇಲ್ಲದಿದ್ದರೂ ನಡೆಯುತ್ತದೆ’ ಎಂದು ನಿಲ್ಲಿಸಬಾರದು. ತಟ್ಟನೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ತೆರೆಯದ ಇನ್ಸುಲಿನ್ ಫ್ರಿಜ್ಜಿನ ಬಾಗಿಲ ಅಂಚಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ನಡುವೆ ಚಿಕ್ಕ ಮಡಕೆ ಇಟ್ಟು ಅದರೊಳಗೆ ಸೀಸೆಯನ್ನು ಇಡಬಹುದು.

ಎರಡನೆಯದಾಗಿ, ತೆಂಕಿನಲ್ಲಿ ಒಂದು ಪರಿಚಯ ಮಾಡಿಕೊಳ್ಳಿ. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರ, ಅದರ ಮೇಲೆ ಕುಂಬಳೆ, ಬದಿಯಡ್ಕ, ಮುಳಿಯಾರಿನಂಥ ಸಮುದಾಯ ಆರೋಗ್ಯ ಕೇಂದ್ರ, ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಹೀಗೆ ಏಣಿ ಇದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜನ್ನು 2020ರ ಏಪ್ರಿಲ್ 6ರಂದು ಅವಸರ ಅವಸರವಾಗಿ ಕೋವಿಡ್ ಆಸ್ಪತ್ರೆಯಾಗಿ ತೆರೆದರು. ಅಲ್ಲಿ ಈಗ ಯಾವ ವಿಭಾಗ ಯಾವ ದಿನ ನಡೆಯುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದಿಡಿ. ಈ ಏಣಿಯ ಯಾವುದಾದರೂ ಒಂದು ಮೆಟ್ಟಿಲಿನಲ್ಲಿ ನಿಮ್ಮ ಹೆಸರಿನ ಒಪಿ ಚೀಟಿ ಇರಬೇಕು. ಆರೋಗ್ಯವಾಗಿರುವಾಗಲೇ ಒಮ್ಮೆ ಹೋಗಿ ಬಿಪಿ ತೋರಿಸಿ ಬನ್ನಿ.

ಡಯಾಲಿಸಿಸ್ ರೋಗಿಗಳ ಪಾಡು 2020ರಲ್ಲಿ ಎಲ್ಲರಿಗಿಂತ ಕಷ್ಟವಾಗಿತ್ತು. ಹೊಸ ಕೇಂದ್ರದವರು ಬರಿಗೈಯಲ್ಲಿ ಬಂದವರನ್ನು ಸೇರಿಸಿಕೊಳ್ಳಲಾರರು, ಅವರಿಗೆ ಕೆಲವು ಮಾಹಿತಿ ಬೇಕೇ ಬೇಕು: ವಾರಕ್ಕೆ ಎಷ್ಟು ಸಲ, ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಎಷ್ಟು, ಫಿಸ್ಟುಲಾ ಇದೆಯೇ ಕ್ಯಾತಿಟರೇ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ಇತ್ತೀಚಿನ ವರದಿ. ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಮಂಗಳೂರಿನ ಕೇಂದ್ರದಿಂದ ಬರೆಸಿಕೊಂಡು ಪ್ರತಿ ಮೂರು ತಿಂಗಳಿಗೊಮ್ಮೆ ಹೊಸದು ಮಾಡಿಸಿ. ಗಡಿ ಮುಚ್ಚುವ ಸುಳಿವು ಸಿಕ್ಕ ದಿನವೇ ಕಾಸರಗೋಡು ಅಥವಾ ಕಾಞಂಗಾಡಿನ ಕೇಂದ್ರಕ್ಕೆ ಫೋನ್ ಮಾಡಿ.

ಗರ್ಭಿಣಿಯರಿರುವ ಮನೆಯಲ್ಲಿ ಎಂಟನೇ ತಿಂಗಳಿಗೆ ಮೊದಲೇ ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ಮಂಗಳೂರು ಸಿಗದಿದ್ದರೆ ಎಲ್ಲಿ? ಉತ್ತರವನ್ನು ಅತ್ತೆ, ತಾಯಿ, ಗಂಡ ಮೂವರೂ ತಿಳಿದಿರಬೇಕು. ರಾತ್ರಿ ಎರಡು ಗಂಟೆಗೆ ನೋವು ಬಂದಾಗ ಮನೆಯಲ್ಲಿ ಮೂರು ಅಭಿಪ್ರಾಯ ಇರಬಾರದು.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮುಂತಾದ ಕಡೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ, ಹಾಸಿಗೆ ಹಿಡಿದವರಿಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಅವರ ಭೇಟಿಯ ದಿನವನ್ನು ಕೇಳಿ ಗುರುತು ಹಾಕಿಟ್ಟುಕೊಳ್ಳಿ. ಕ್ಯಾತಿಟರ್, ಡಯಾಪರ್, ಗಾಯಕ್ಕೆ ಹಾಕುವ ಬಟ್ಟೆ ಮುಗಿಯುವ ಒಂದು ವಾರ ಮುಂಚೆ ಹೇಳಿ. ಮುಗಿದ ದಿನ ಹೇಳಿದರೆ ಅವರಾದರೂ ಎಲ್ಲಿಂದ ತರಬೇಕು?

ಇನ್ನು ಫೋನಿನ ವಿಷಯ. 108 ಎರಡೂ ರಾಜ್ಯದಲ್ಲಿದೆ. ತಲಪಾಡಿ, ಪೆರ್ಲ, ದೇಲಂಪಾಡಿಯ ಗಡಿಯಂಚಿನಲ್ಲಿ ನಿಮ್ಮ ಮೊಬೈಲ್ ಯಾವ ರಾಜ್ಯದ ಟವರನ್ನು ಹಿಡಿದಿದೆ ಎಂಬುದರ ಮೇಲೆ ಕರೆ ಹೋಗುತ್ತದೆ. ‘ಆಂಬುಲೆನ್ಸ್ ಬೇಕು’ ಎನ್ನುವ ಮೊದಲು ‘ಕೇರಳ, ಕಾಸರಗೋಡು ಜಿಲ್ಲೆ, ಇಂಥ ಪಂಚಾಯತ್’ ಎಂದು ಹೇಳಿ. ಕೇರಳದ ಆರೋಗ್ಯ ಸಹಾಯವಾಣಿ ‘ದಿಶಾ’ದ ಸಂಖ್ಯೆ 1056, ನಿಮ್ಮಲ್ಲಿರುವುದು ಕರ್ನಾಟಕದ ಸಿಮ್ ಆಗಿದ್ದು ಅದು ಸಿಗದೇ ಹೋದರೆ 0471 2552056ಕ್ಕೆ ಮಾಡಿ, ಅದೂ ದಿಶಾದ್ದೇ. ಜತೆಗೆ ಊರಿನ ಇಬ್ಬರು ಜೀಪಿನವರ, ಆಟೋದವರ ನಂಬರು ಇರಲಿ. ಗುಡ್ಡದ ಮೇಲಿನ ಮನೆಗಳಿಗೆ ಆಂಬುಲೆನ್ಸ್ ಹತ್ತುವುದಿಲ್ಲ, ಜೀಪು ಹತ್ತುತ್ತದೆ.

ಅಕ್ಕಿ, ನೀರು, ಊಟ

ಅಕ್ಕಿಯ ಬಗ್ಗೆ ಹೆಚ್ಚು ಹೆದರಬೇಕಾಗಿಲ್ಲ. ಕೇರಳದ ರೇಷನ್ ವ್ಯವಸ್ಥೆ ಗಟ್ಟಿ. 2020ರ ಏಪ್ರಿಲಿನಲ್ಲಿ ಹಳದಿ ಕಾರ್ಡಿಗೆ 35 ಕಿಲೋ, ಗುಲಾಬಿಗೆ ತಲೆಗೆ 5 ಕಿಲೋ, ನೀಲಿ ಮತ್ತು ಬಿಳಿಗೆ ಕನಿಷ್ಠ 15 ಕಿಲೋ ಪುಕ್ಕಟೆ ಕೊಟ್ಟರು, ಜತೆಗೆ 17 ಸಾಮಾನುಗಳ ಕಿಟ್. ಗುಂಪು ತಪ್ಪಿಸಲು ಕಾರ್ಡಿನ ಕೊನೆಯ ಅಂಕಿ ನೋಡಿ ದಿನ ಹಂಚಿದರು: ಏಪ್ರಿಲ್ 1ಕ್ಕೆ 0 ಮತ್ತು 1, ಮರುದಿನ 2 ಮತ್ತು 3, ಹೀಗೆ ಐದು ದಿನ. ನಿಮ್ಮ ಕಾರ್ಡಿನ ಕೊನೆಯ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಿ. ಮುಂದೆಯೂ ಹಾಗೇ ಮಾಡುವ ಸಂಭವವಿದೆ. ಕಾರ್ಡಿನಲ್ಲಿ ಸತ್ತವರ ಹೆಸರು ತೆಗೆಯಿಸುವುದು, ಸೊಸೆಯ ಹೆಸರು ಸೇರಿಸುವುದು, ಆಧಾರ್ ಜೋಡಿಸುವುದು, ಇವೆಲ್ಲ ಅಕ್ಷಯ ಕೇಂದ್ರದ ಕೆಲಸ, ಶಾಂತಿಯ ಕಾಲದಲ್ಲೇ ಮುಗಿಸಿಬಿಡಿ. ಕರ್ನಾಟಕದ ಕಾರ್ಡು ಇಟ್ಟುಕೊಂಡು ಈಚೆ ವಾಸಿಸುವವರಿದ್ದಾರೆ, ಯಾಕೆಂದು ನನಗೂ ಗೊತ್ತು, ನಿಮಗೂ ಗೊತ್ತು. ಗಡಿ ಮುಚ್ಚಿದಾಗ ಆಚೆ ಸಿಗುವ ಅಕ್ಕಿಯನ್ನು ಈಚೆ ಬೇಯಿಸಲು ಆಗುವುದಿಲ್ಲ.

ಮೇಲೋಗರಕ್ಕೆ ನಮ್ಮ ತೋಟವೇ ಇದೆ. ಮಾರ್ಚಿನಿಂದ ಜೂನ್‌ವರೆಗೆ ಹಲಸು. ಮಳೆಗಾಲಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಸೊಳೆ, ಸಾಂತಾಣಿ, ಹಪ್ಪಳ, ಮಿಡಿ. ಪೇಟೆಯ ತರಕಾರಿಗೆ ಓಡಿದವರು ನಾಚುವಷ್ಟು ಆ ವರ್ಷ ಊರಿನಲ್ಲಿ ಹಲಸು ತಿಂದೆವು.

ನೀರಿನ ಬಗ್ಗೆ ಮಾತ್ರ ಯೋಚಿಸಬೇಕು. ‘ಕೈ ತೊಳೆಯಿರಿ, ಕೈ ತೊಳೆಯಿರಿ’ ಎಂದು ರೇಡಿಯೊ ಹೇಳುತ್ತಿದ್ದುದು ಏಪ್ರಿಲಿನಲ್ಲಿ, ಆಗ ಬಾವಿಯ ತಳ ಕಾಣುತ್ತದೆ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಬೆರಳಿನ ದಪ್ಪಕ್ಕೆ ಇಳಿಯುತ್ತದೆ. ಪಕ್ಕದ ಮನೆಯ ಸುರಂಗದಿಂದ ನೀರು ತರುವವರಾದರೆ ಹೊತ್ತು ಹಂಚಿಕೊಳ್ಳಿ, ಒಂದು ಮನೆ ಬೆಳಗ್ಗೆ, ಇನ್ನೊಂದು ಸಂಜೆ. ಪಂಚಾಯತಿನ ಟ್ಯಾಂಕರ್ ನೀರು ಬೇಕಿದ್ದರೆ ಬಾವಿ ಬತ್ತುವ ಮೊದಲೇ ವಾರ್ಡ್ ಸದಸ್ಯರಲ್ಲಿ ಹೆಸರು ಬರೆಸಿ.

ಒಬ್ಬರೇ ಇರುವ ಅಜ್ಜ ಅಜ್ಜಿಯರು, ಕೆಲಸ ನಿಂತ ಕೂಲಿಯವರು, ಬಾಡಿಗೆ ಕೋಣೆಯಲ್ಲಿರುವ ಬಿಹಾರ, ಬಂಗಾಳದ ಕಾರ್ಮಿಕರು, ಇವರಿಗೆ ಪಂಚಾಯತ್ ಮತ್ತು ಮಹಿಳೆಯರ ಸಂಘವಾದ ಕುಟುಂಬಶ್ರೀ ಸೇರಿ ನಡೆಸುವ ಸಮುದಾಯ ಅಡುಗೆಮನೆಯಿಂದ ಊಟ ಹೋಗುತ್ತದೆ. 2020ರಲ್ಲಿ ಕೈಯಲ್ಲಿ ಕಾಸಿಲ್ಲದವರಿಗೆ ಪುಕ್ಕಟೆ, ಉಳಿದವರಿಗೆ 20 ರೂಪಾಯಿ, ಮನೆಗೆ ತಲುಪಿಸಿದರೆ 25. ಎಷ್ಟು ಊಟ ಬೇಕೆಂದು ಹಿಂದಿನ ಸಂಜೆಯೇ ಹೇಳಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿದರೆ ಅನ್ನ ಹುಟ್ಟುವುದಿಲ್ಲ. ಕೇಳಲು ನಾಚುವವರು ನಮ್ಮಲ್ಲಿ ತುಂಬಾ. ಅಂಥ ಮನೆಯ ಹೆಸರನ್ನು ನೀವೇ ಮೆಲ್ಲಗೆ ಆಶಾ ಅಕ್ಕನಿಗೆ ಹೇಳಿ, ಗುಂಪಿನಲ್ಲಿ ಹಾಕಬೇಡಿ.

ಮನೆಯಲ್ಲಿ ಒಬ್ಬರು ಕ್ವಾರಂಟೈನ್‌ನಲ್ಲಿದ್ದರೆ

ಗಾಳಿ ಬರುವ ಒಂದು ಕೋಣೆ, ಸಾಧ್ಯವಾದರೆ ಪ್ರತ್ಯೇಕ ಶೌಚಾಲಯ. ಹಳೆಯ ಮನೆಗಳಲ್ಲಿ ಶೌಚಾಲಯ ಅಂಗಳದಾಚೆ ಇರುತ್ತದೆ, ಒಂದೇ ಇರುತ್ತದೆ. ಆಗ ಅವರು ಕೊನೆಗೆ ಬಳಸಲಿ, ಬಳಸಿದ ಮೇಲೆ ಬ್ಲೀಚಿಂಗ್ ನೀರು ಹಾಕಿ. ಅಳತೆ ಸುಲಭ: ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ. ಕಲಸಿ ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ನೀರನ್ನು ಬಳಸಿ. ಇದು ನೆಲಕ್ಕೆ, ಚಿಲಕಕ್ಕೆ. ಕೈಗೆ ಸಾಬೂನು ಸಾಕು. ಬ್ಲೀಚಿಂಗ್ ಪುಡಿಯ ಜತೆ ಫಿನಾಯಿಲ್, ಆಸಿಡ್ ಯಾವುದನ್ನೂ ಬೆರೆಸಬೇಡಿ, ಆಸಿಡ್ ಸೇರಿದರಂತೂ ವಿಷಗಾಳಿ ಏಳುತ್ತದೆ.

ಊಟವನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯಿರಿ. ಅವರ ತಟ್ಟೆ ಲೋಟ ಅವರೇ ತೊಳೆಯಲಿ. ಬಳಸಿದ ಮಾಸ್ಕನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಹೂಳಿರಿ. ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರ ಚೀಲಕ್ಕೆ ಹಾಕಬೇಡಿ. ಉಸಿರಾಟದ ರೋಗವಾದರೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಒಂದನ್ನು ನಾಲ್ಕೈದು ಮನೆಯವರು ಸೇರಿ ಇಟ್ಟುಕೊಳ್ಳಬಹುದು, ಪ್ರತಿ ಸಲ ಒರೆಸಿ ಕೊಡಬೇಕು. ಮದರಂಗಿ ಅಥವಾ ಉಗುರುಬಣ್ಣ ಇದ್ದ ಬೆರಳು ಬೇಡ, ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಅದು ತೋರಿಸುವ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗೆ ಇಳಿದರೆ, ಮಾತಾಡುವಾಗ ಏದುಸಿರು ಬಂದರೆ, ಮಂಪರು ಕವಿದರೆ ಬೆಳಗಾಗುವವರೆಗೆ ಕಾಯಬೇಡಿ.

ಒಂದೇ ಕೋಣೆಯ ಮನೆಯವರಿಗೆ ಇದೆಲ್ಲ ಹೇಳಿ ಪ್ರಯೋಜನವಿಲ್ಲ. ಅಂಥವರಿಗಾಗಿ 2021ರಲ್ಲಿ ಪಂಚಾಯತುಗಳು ಶಾಲೆ, ಸಭಾಭವನಗಳಲ್ಲಿ ಡಿಸಿಸಿ ಎಂಬ ವಾಸ ಕೇಂದ್ರ ನಡೆಸಿದವು. ‘ಮನೆಯಲ್ಲಿ ಸೌಲಭ್ಯವಿಲ್ಲ’ ಎಂದು ಆರೋಗ್ಯ ಕೇಂದ್ರಕ್ಕೆ ಮೊದಲ ಫೋನಿನಲ್ಲೇ ಹೇಳಿ. ಮರ್ಯಾದೆಗೆ ಅಂಜಿ ‘ಎಲ್ಲ ಇದೆ’ ಎಂದವರ ಮನೆಯಲ್ಲಿ ಏಳು ಜನಕ್ಕೂ ಬಂದದ್ದನ್ನು ನೋಡಿದ್ದೇನೆ.

ಹೊರಗೆ ಹೋಗಲೇಬೇಕಾದರೆ

ಸತ್ಯವಾಙ್ಮೂಲವನ್ನು ಬಿಳಿ ಹಾಳೆಯಲ್ಲಿ ಬರೆಯಬಹುದು: ಹೆಸರು, ವಿಳಾಸ, ವಾಹನ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಯಾಕೆ, ಹೊರಟ ಹೊತ್ತು, ಮರಳುವ ಹೊತ್ತು, ಸಹಿ. ಸುಳ್ಳು ಬರೆದರೆ ಕೇಸಾಗುತ್ತದೆ. ಗುರುತಿನ ಚೀಟಿ ಜತೆಗಿರಲಿ. ಪೊಲೀಸರಿಗೆ ಕನ್ನಡ ಬಾರದಿರಬಹುದು, ಔಷಧಿ ಚೀಟಿಯನ್ನು ತೋರಿಸಿದರೆ ಭಾಷೆ ಬೇಕಾಗುವುದಿಲ್ಲ.

ಮನೆ ಕೇರಳದಲ್ಲಿ, ತೋಟ ಕರ್ನಾಟಕದಲ್ಲಿ ಇರುವವರು ಎರಡೂ ಕಡೆಯ ತೆರಿಗೆ ರಸೀದಿಯ ಪ್ರತಿ ಇಟ್ಟುಕೊಳ್ಳಿ. ಕಾಡುದಾರಿಯಲ್ಲಿ ನುಸುಳಬೇಡಿ. ನಿಮಗೆ ದಾರಿ ಗೊತ್ತಿರಬಹುದು, ಆದರೆ ಆಚೆ ಕಾಲು ಜಾರಿ ಬಿದ್ದರೆ ಎತ್ತಿಕೊಂಡು ಬರುವವರಿಗೆ ಬರಲು ದಾರಿ ಇರುವುದಿಲ್ಲ.

ಮದುವೆ, ಬೊಜ್ಜ, ಕೋಲ

ಮದುವೆಗೆ, ಶವಸಂಸ್ಕಾರಕ್ಕೆ ಎಷ್ಟು ಜನ ಎಂದು ಆದೇಶದಲ್ಲೇ ಇರುತ್ತದೆ. 2020ರ ಏಪ್ರಿಲಿನಲ್ಲಿ ಶವಸಂಸ್ಕಾರಕ್ಕೆ 20 ಮಂದಿ. ಬೊಜ್ಜವನ್ನು (ಉತ್ತರಕ್ರಿಯೆಯನ್ನು) ಮುಂದೂಡಬಹುದು, ದಹನವನ್ನಾಗಲಿ ಮಯ್ಯತ್ತಿನ ದಫನವನ್ನಾಗಲಿ ಮುಂದೂಡಲಾಗದು. ಆದ್ದರಿಂದ ಸಾವಿನ ಮನೆಯಲ್ಲಿ ಇಪ್ಪತ್ತು ಹೆಸರು ಬರೆಯುವ ಕೆಲಸವನ್ನು ದುಃಖದಲ್ಲಿರುವ ಮಕ್ಕಳಿಗೆ ಬಿಡದೆ ಹಿರಿಯರೊಬ್ಬರು ವಹಿಸಿಕೊಳ್ಳಿ. ಮೇ ಕೊನೆಯ ಪತ್ತನಾಜೆಯವರೆಗೆ ದೈವದ ಕೋಲ, ಯಕ್ಷಗಾನಗಳ ಕಾಲ. ಮೊದಲ ಲಾಕ್‌ಡೌನ್ ಮುಗಿಯಬೇಕಿದ್ದದ್ದೇ ಏಪ್ರಿಲ್ 14ರ ಬಿಸುವಿನಂದು, ಅಂದರೆ ನಮ್ಮ ಹೊಸ ವರ್ಷದಂದು; ಮುಗಿಯಲಿಲ್ಲ. ದೈವಕ್ಕೆ ಪ್ರಾರ್ಥನೆ ಇಟ್ಟು ಮುಂದಿನ ವರ್ಷಕ್ಕೆ ಹರಕೆ ಹೊತ್ತವರಿಗೆ ದೈವ ಮುನಿಯಲಿಲ್ಲ. ವೇಷ ಕಟ್ಟುವವರ, ಚೆಂಡೆಯವರ ವರ್ಷದ ದುಡಿಮೆ ಮಾತ್ರ ಹೋಯಿತು. ಕೋಲಕ್ಕೆಂದು ತೆಗೆದಿಟ್ಟ ಹಣದಲ್ಲಿ ಅವರ ಪಾಲನ್ನು ಆಗಲೇ ಕೊಟ್ಟ ಮನೆಗಳಿವೆ, ಹಾಗೆಯೇ ಮಾಡಿ.

ಕನ್ನಡದಲ್ಲೇ ಅರ್ಜಿ ಕೊಡಿ

ರೇಷನ್ ಸಿಗದಿದ್ದರೆ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ, ಕ್ವಾರಂಟೈನ್ ಮುಗಿದರೂ ಚೀಟಿ ಕೊಡದಿದ್ದರೆ ಬಾಯಿಮಾತಿನಲ್ಲಿ ಮುಗಿಸಬೇಡಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕೇರಳದ್ದೇ ಆದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದ ಜತೆ ವ್ಯವಹರಿಸಲು ಅವಕಾಶ ಇಟ್ಟಿದೆ. ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ಕೌಂಟರಿನಲ್ಲಿ ಹೇಳಿದರೆ ಜಗಳವಾಡದೆ ಈ ಎರಡು ಸಂಖ್ಯೆಗಳನ್ನು ಅರ್ಜಿಯ ಕೊನೆಯ ಸಾಲಿನಲ್ಲಿ ಬರೆದು ಕೊಡಿ. ನಾನು ಹಾಗೆ ಮಾಡಿದ್ದೇನೆ. ಒಮ್ಮೆ ತಕ್ಷಣ ತೆಗೆದುಕೊಂಡರು, ಒಮ್ಮೆ ಅರ್ಧ ಗಂಟೆ ಕಾಯಿಸಿ ತೆಗೆದುಕೊಂಡರು.

ಅರ್ಜಿ ಒಂದೇ ಪುಟ ಇರಲಿ. ಮೇಲ್ಗಡೆ ಪಂಚಾಯತ್, ಹೊಸ ವಾರ್ಡ್ ಸಂಖ್ಯೆ, ಮನೆ ಸಂಖ್ಯೆ, ಕಾರ್ಡಿನ ಬಣ್ಣ ಮತ್ತು ಸಂಖ್ಯೆ, ಫೋನ್. ಮಧ್ಯದಲ್ಲಿ ಏನಾಯಿತು, ಯಾವ ತಾರೀಕು, ಈಗ ಏನಾಗಬೇಕು. ಮನೆತನದ ಚರಿತ್ರೆ ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು ಮತ್ತು ತಾರೀಕು ಹಾಕಿಸಿ ತನ್ನಿ. ಕಚೇರಿ ಮುಚ್ಚಿದ್ದರೆ ವಾರ್ಡ್ ಸದಸ್ಯರ ಮೊಬೈಲಿಗೆ ಫೋಟೋ ಕಳಿಸಿ, ಅದು ತಲುಪಿದ ಗುರುತಿನ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಸೀಲು ಹಾಕಿದ ಪ್ರತಿಯನ್ನು ಔಷಧಿ ಚೀಟಿ, ರೇಷನ್ ಕಾರ್ಡು ಇರುವ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಳೆ ಸೋರದ ಕಡೆ, ಮನೆಯ ಎಲ್ಲರಿಗೂ ಗೊತ್ತಿರುವ ಮೊಳೆಗೆ ನೇತುಹಾಕಿ.